ಕಾರಿಡಾರಿನಲ್ಲಿ ನನಗೊಬ್ಬನಿಗೇ ಹೇಳಿದ ಮಾತು

ನಾನು ಬದುಕಿನ ಬಹುಭಾಗವನ್ನು ಬೇರೆಯವರ ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುತ್ತಾ ಕಳೆದವನು. ಮದ್ದೂರು ತಾಲ್ಲೂಕಿನ ಕೊಪ್ಪದ ಹತ್ತಿರದ ನಮ್ಮ ಹಳ್ಳಿಯ ಹಾಲಿನ ಡೇರಿಯಲ್ಲಿ ಟೆಸ್ಟರ್ ಆಗಿದ್ದೆ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೇ ಆ ಕೆಲಸಕ್ಕೆ ನನಗಿದ್ದ ಅರ್ಹತೆ. ಬೆಳಕು ಹರಿಯುವ ಮೊದಲೇ ಜನ ಕ್ಯಾನು, ಚೊಂಬು ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ನಾನು ಹಾಲಿಗೆ ಮಾಪಕ ಬಿಟ್ಟು, ಅದು ಎಲ್ಲಿಗೆ ನಿಲ್ಲುತ್ತದೆಂದು ನೋಡಿ, ಡಿಗ್ರಿ ಬಾರದಿದ್ದರೆ ನೀರು ಬೆರೆತಿದೆ ಎಂದು ಎಲ್ಲರೆದುರೇ ಕೂಗಿ ಹೇಳುತ್ತಿದ್ದೆ. ನೆಂಟರೆಂದೂ ನೋಡುತ್ತಿರಲಿಲ್ಲ.

"ಇವ್ನ್ ಕಣ್ಗೆ ಅವ್ರವ್ವ ಕುಡ್ಸಿದ್ ಆಲೂ ನೀರಾಗೇ ಕಾಣ್ತದೆ ಕಣ್ಲಾ" ಎಂದು ಬೈದುಕೊಂಡು ಹೋಗುತ್ತಿದ್ದರು. ಅದು ನನಗೆ ಹೊಗಳಿಕೆಯ ಹಾಗೆ ಕೇಳುತ್ತಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳುವವನು ಎಂದು ನನ್ನ ಮೇಲೆ ನನಗೇ ಜಂಬವಿತ್ತು. ಅಂಥವನು ಮನೆಯಲ್ಲಿ ಏನು ಮಾಡಿದೆ ಎಂಬುದನ್ನು ಈಗ ಬರೆಯುತ್ತಿದ್ದೇನೆ.

ಡೇರಿಯ ಕ್ಯಾನು ತೊಳೆಯಲು ಆಳು ಬಾರದ ದಿನ ನನ್ನ ಹೆಂಡತಿ ಬರುತ್ತಿದ್ದಳು. ಮಾಗಿಯ ಒಂದು ಬೆಳಿಗ್ಗೆ ತೊಟ್ಟಿಯ ನೀರಿನಿಂದ ಕೈ ಹೊರಗೆ ತೆಗೆದವಳು ನನ್ನ ಮುಂದೆ ಚಾಚಿದಳು. ಬೆರಳುಗಳು ತುದಿಯಿಂದ ಅರ್ಧದವರೆಗೆ ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು. ನೋಡುತ್ತಿದ್ದಂತೆ ನೀಲಿಗೆ ತಿರುಗಿದವು, ಆಮೇಲೆ ಕೆಂಪಾದವು.

"ನೋಡಿ ಇಲ್ಲಿ, ಬೆರಳು ನಂದಲ್ಲ ಅನ್ನಂಗಾಗದೆ" ಅಂದಳು.

"ಚಳಿ ಕಣಮ್ಮಿ. ಓಗು, ಒಲೆ ಮುಂದೆ ಕೂತ್ಕೋ" ಅಂದೆ. ಸಾಲಿನಲ್ಲಿ ಜನ ಕಾಯುತ್ತಿದ್ದರು.

ಮುಂದಿನ ಮಾಗಿಯ ಹೊತ್ತಿಗೆ ಬೆರಳುಗಳ ಚರ್ಮ ಬಿಗಿದು ಹೊಳೆಯತೊಡಗಿತ್ತು. ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಬಾಯಿ ಸುತ್ತ ದಾರ ಎಳೆದು ಬಿಗಿದ ಚೀಲದ ಹಾಗೆ ಸಣ್ಣ ಗೆರೆಗಳು ಮೂಡಿದವು. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಅವಳಿಗೆ ನುಂಗಿದ ತುತ್ತು ಎದೆಯಲ್ಲೇ ನಿಲ್ಲುತ್ತಿತ್ತು. ತಟ್ಟೆಯ ಮುಂದೆ ಕಣ್ಣು ಮುಚ್ಚಿ ಕೂರುತ್ತಿದ್ದಳು. ಕುತ್ತಿಗೆಯ ಮೇಲೆ ಕಪ್ಪು ಬಿಳಿ ಚುಕ್ಕೆಗಳ ಕಲೆಯೂ ಕಾಣಿಸಿತು. ಆಗ ಹೆದರಿಕೆಯಾಗಿ ಮಂಡ್ಯಕ್ಕೆ ಕರೆದುಕೊಂಡು ಹೋದೆ.

ಮಂಡ್ಯದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಅವಳ ಕೈಯ ಚರ್ಮವನ್ನು ಚಿವುಟಿ ಎತ್ತಲು ನೋಡಿದರು, ಬರಲಿಲ್ಲ. ಬಾಯಿ ತೆರೆಸಿದರು. ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ರಕ್ತ ಪರೀಕ್ಷೆಗೆ ಕಳಿಸಿ, ವಾರ ಬಿಟ್ಟು ಬರಹೇಳಿದರು. ಎರಡನೆಯ ಸಲ ಹೋದಾಗ ಅವಳನ್ನು ನರ್ಸಿನ ಹತ್ತಿರ ಕೂರಿಸಿ, "ಯಜಮಾನ್ರೇ, ಒಂದ್ನಿಮಿಷ ಬನ್ನಿ" ಎಂದು ನನ್ನನ್ನು ಕಾರಿಡಾರಿಗೆ ಕರೆದರು.

ಇದು ನಮ್ಮ ಕಡೆಯ ರೂಢಿ. ಕಾಯಿಲೆ ಹೆಂಗಸಿನದಾದರೂ ಭಾರದ ಮಾತನ್ನು ಗಂಡಸಿಗೆ ಹೇಳುತ್ತಾರೆ. ಅವಳಿಗೆ, "ಏನಿಲ್ಲಮ್ಮ, ಮಾತ್ರೆ ಬರ್ದಿದ್ದೀನಿ" ಅನ್ನುತ್ತಾರೆ. ಹೆಂಗಸು ಎದೆಗುಂದದಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡುತ್ತಾರೆ. ಆ ಡಾಕ್ಟರದ್ದೂ ಒಳ್ಳೆಯ ಮನಸ್ಸೇ. ಕಾರಿಡಾರಿನಲ್ಲಿ ನಿಂತು ಎಲ್ಲವನ್ನೂ ಬಿಡಿಸಿ ಹೇಳಿದರು.

ಕಾಯಿಲೆಯ ಹೆಸರು ಸಿಸ್ಟಮಿಕ್ ಸ್ಕ್ಲೀರೋಸಿಸ್. ಅಂಟುವುದಲ್ಲ, ಕುಷ್ಠವಲ್ಲ, ತೊನ್ನೂ ಅಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಯ ಮೇಲೆ ತಿರುಗಿಬಿದ್ದು ಚರ್ಮವನ್ನು ಗಟ್ಟಿ ಮಾಡುತ್ತದೆ. "ಚರ್ಮ ಕಣ್ಣಿಗೆ ಕಾಣುತ್ತೆ. ನನಗೆ ಭಯ ಇರೋದು ಕಾಣದೆ ಇರೋದರ ಬಗ್ಗೆ" ಅಂದರು. ಈ ಕಾಯಿಲೆಯವರನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುವುದು ಶ್ವಾಸಕೋಶ. ಅದು ಬುಡದಿಂದ ಗಟ್ಟಿಯಾಗುತ್ತಾ ಬರುತ್ತದೆ. ಮೊದಮೊದಲು ಕೆಮ್ಮು ಇರುವುದಿಲ್ಲ, ಏದುಸಿರೂ ಇರುವುದಿಲ್ಲ. ತಿಳಿಯುವ ಹೊತ್ತಿಗೆ ಬಹಳಷ್ಟು ಹೋಗಿರುತ್ತದೆ. ಬೆನ್ನ ಕೆಳಗೆ ಸಣ್ಣ ಸದ್ದೊಂದು ಕೇಳಿದ ಹಾಗಿದೆ, ಈ ತಿಂಗಳೊಳಗೇ ಮೈಸೂರಿಗೆ ಹೋಗಿ ಎದೆಯ ಸ್ಕ್ಯಾನು ಮತ್ತು ಉಸಿರಿನ ಪರೀಕ್ಷೆ ಮಾಡಿಸಿ ಅಂದರು. "ಔಷಧಿಯಿಂದ ಅದು ಮುಂದಕ್ಕೆ ಹೋಗದ ಹಾಗೆ ತಡೀಬಹುದು. ಹೋದದ್ದನ್ನ ವಾಪಸ್ ತರೋಕಾಗಲ್ಲ. ಅದಕ್ಕೇ ತಡ ಮಾಡಬೇಡಿ."

"ಇಲ್ಲ ಸಾರ್" ಅಂದೆ.

ಅರ್ಥವಾಗಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ. ಪ್ರತಿ ಮಾತೂ ಅರ್ಥವಾಗಿತ್ತು.

ಆದರೆ ಅದೇ ವಾರ ಮಳವಳ್ಳಿಯಿಂದ ನಮ್ಮ ಮಗಳನ್ನು ನೋಡಲು ಬರುವವರಿದ್ದರು. ಅವಳು ನಮಗೆ ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಹುಡುಗ ಸ್ಕೂಲ್ ಮೇಷ್ಟ್ರು, ಒಳ್ಳೆಯ ಮನೆತನ. ಮೈಸೂರಿಗೆ ಓಡಾಡತೊಡಗಿದರೆ ಬಸ್ಸಿನಲ್ಲಿ ಯಾರಾದರೂ ಕೇಳುತ್ತಾರೆ, ಮದ್ದೂರು ದಾಟುವಷ್ಟರಲ್ಲಿ ಮಾತು ಮಳವಳ್ಳಿ ಮುಟ್ಟುತ್ತದೆ. ಹೆಣ್ಣಿನ ತಾಯಿಗೆ ಮೈಮೇಲೆ ಕಲೆಯಂತೆ, ಕೈ ಗಟ್ಟಿಯಾಗಿದೆಯಂತೆ ಅನ್ನುತ್ತಾರೆ. ತೊನ್ನಲ್ಲ, ಕುಷ್ಠವಲ್ಲ ಎಂದು ನಾನು ಯಾರ ಯಾರ ಮನೆಬಾಗಿಲಿಗೆ ಹೋಗಿ ಹೇಳಲಿ? ಹೀಗೆ ಲೆಕ್ಕ ಹಾಕಿದೆ. ಅವಳು ನರ್ಸಿನ ಹತ್ತಿರದಿಂದ ಎದ್ದು ಬರುವುದರೊಳಗೆ ತೀರ್ಮಾನವೂ ಆಗಿಹೋಗಿತ್ತು.

"ಏನಂದ್ರು ಡಾಕ್ಟ್ರು?" ಎಂದು ಬಸ್ ಸ್ಟ್ಯಾಂಡಿನಲ್ಲಿ ಕೇಳಿದಳು.

"ಚರ್ಮ ಒಣಗದಂತೆ. ಬೇವಿನೆಣ್ಣೆ ಅಚ್ಕಬೇಕಂತೆ."

"ಅಷ್ಟಕ್ಕೇ ಅಷ್ಟೊತ್ತು ಮಾತಾಡುದ್ರಾ?"

"ಅವ್ರ ಎಂಡ್ತಿ ಊರು ನಮ್ ಕಡೇದಂತೆ. ಅದೂ ಇದೂ ಕೇಳ್ತಿದ್ರು."

"ನಿಮ್ಗೆ ಎಲ್ಲೋದ್ರೂ ಒಬ್ರು ನೆಂಟ್ರು ಸಿಕ್ತಾರೆ ಬುಡಿ" ಎಂದು ನಕ್ಕಳು. ಆ ನಗು ನನಗೆ ಈಗಲೂ ನೆನಪಿದೆ. ಬಾಯಿ ಪೂರ್ತಿ ತೆರೆಯದ ನಗು.

ಹೆಣ್ಣು ನೋಡಲು ಬಂದ ದಿನ ಸೆರಗಿನೊಳಗೆ ಕೈ ಇಟ್ಟುಕೊಂಡು ಒಳಬಾಗಿಲ ಹತ್ತಿರವೇ ಇರು ಅಂದಿದ್ದೆ. ಹಾಗೇ ಇದ್ದಳು. ಒಪ್ಪಿಗೆಯಾಯಿತು. ಮದುವೆ ಮುಗಿದ ಮಾರನೆಯ ದಿನವೇ ಮೈಸೂರಿಗೆ ಕರೆದುಕೊಂಡು ಹೋಗುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡೆ. ಅಷ್ಟರಲ್ಲಿ ಹುಡುಗನ ಅಜ್ಜಿ ತೀರಿಕೊಂಡರು. ವರ್ಷ ಕಳೆಯಲಿ ಅಂದರು. ಆಗಲಾದರೂ ನಾನು ಹೋಗಬಹುದಿತ್ತು. ಒಪ್ಪಿಗೆಯಾದ ಸಂಬಂಧ ಈಗ ಮುರಿದರೆ ಇನ್ನೂ ಕೆಟ್ಟ ಹೆಸರು ಎಂದು ಕೂತುಬಿಟ್ಟೆ. ಅವಳು ದಿನವೂ ಸ್ನಾನವಾದ ಮೇಲೆ ಬಿಸಿಲಿಗೆ ಕೂತು ಬೇವಿನೆಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಮನೆಯೆಲ್ಲ ಅದರ ಕಹಿ ವಾಸನೆ. "ಡಾಕ್ಟ್ರು ಯೋಳವ್ರೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಅಂತೂ ವರ್ಷ ಕಳೆದು ಮದುವೆ ಬಂತು. ಹಿಂದಿನ ದಿನ ಮನೆಯ ಹೆಂಗಸರಿಗೆಲ್ಲ ಬಳೆ ತೊಡಿಸುವ ಶಾಸ್ತ್ರ. ಹೆಣ್ಣಿನ ತಾಯಿ ಮೊದಲು ಕೂರಬೇಕು. ಬಳೆಗಾರ್ತಿ ನನ್ನ ಹೆಂಡತಿಯ ಕೈ ಹಿಡಿದು ಬೆರಳು ಮಡಿಸಿ ನೋಡಿದಳು. ಮಡಿಯಲಿಲ್ಲ.

"ಕೈ ಸಡ್ಲ ಬುಡಕ್ಕ. ನಾನೇನ್ ಕೈ ಕಿತ್ಕಂಡ್ ಓಯ್ತೀನಾ?"

"ಬುಟ್ಟೇ ಇವ್ನಿ ಕಣಮ್ಮ."

ಬಳೆಗಾರ್ತಿ ಸೋಪು ಹಚ್ಚಿ ನೋಡಿದಳು. ಬಳೆ ಹೆಬ್ಬೆರಳಿನ ಗೆಣ್ಣು ದಾಟದೆ ಮುರಿಯಿತು. ಇನ್ನೊಂದೂ ಮುರಿಯಿತು. ಸುತ್ತ ಇದ್ದ ಹೆಂಗಸರು ಬಗ್ಗಿ ಅವಳ ಕೈ ನೋಡತೊಡಗಿದರು. ನಾನು ಹೊಸ್ತಿಲಲ್ಲಿ ನಿಂತವನು, "ಕ್ಯಾನು ತೊಳ್ದೂ ತೊಳ್ದೂ ಗಟ್ಟಿಯಾಗವೆ. ದೊಡ್ಡ ಅಳ್ತೇವು ತೊಡ್ಸಿ" ಅಂದೆ. ಎಲ್ಲರೂ ನಕ್ಕರು. ಯಾರದೋ ದಪ್ಪ ಕೈಗೆಂದು ತಂದಿದ್ದ ಬಳೆ ಅವಳ ಸಣ್ಣ ಮಣಿಕಟ್ಟಿನಲ್ಲಿ ಮದುವೆಯುದ್ದಕ್ಕೂ ಜಾರಾಡುತ್ತಿತ್ತು.

ಮದುವೆಯ ಮಾರನೆಯ ದಿನ ಮೈಸೂರಿಗೆ ಹೋದೆವೇ? ಇಲ್ಲ. ಹೊಸ ನೆಂಟಸ್ತನ, ಹಬ್ಬಕ್ಕೆ ಕರೆಯುವುದು, ಬಿಡುವುದು ಎಂದು ದಿನ ತಳ್ಳಿದೆ. ಮಗಳ ಮನೆ ಮಳವಳ್ಳಿಯಲ್ಲಿ ಮಾಳಿಗೆಯ ಮೇಲಿದೆ, ಕೆಳಗೆ ಅಂಗಡಿ. ನಾವು ಮೊದಲ ಸಲ ಅಲ್ಲಿಗೆ ಹೋದ ದಿನ ನನ್ನ ಹೆಂಡತಿ ಮೆಟ್ಟಿಲ ನಡುವೆ ಕೂತುಬಿಟ್ಟಳು. ಒಣಕೆಮ್ಮು ಕೆಲವು ದಿನದಿಂದ ಇತ್ತು. ಅಂದು ಎದೆ ಏರಿಳಿಯುತ್ತಿತ್ತು, ತುಟಿ ಕಪ್ಪಿಟ್ಟಿತ್ತು. ಮಾತಾಡಲಾರದೆ ಕೈಯಲ್ಲೇ ತಡಿ ಎಂದು ಸನ್ನೆ ಮಾಡಿದಳು. ಮೇಲಿನಿಂದ ಮಗಳು, "ಅವ್ವ, ಯಾಕವ್ವ?" ಎಂದು ಓಡಿ ಬಂದಳು. ಕಾರಿಡಾರಿನ ಮಾತು ಅಕ್ಷರ ಬಿಡದೆ ನನ್ನ ಕಿವಿಗೆ ಬಂತು.

ಆ ವಾರವೇ ಮೈಸೂರಿಗೆ ಹೋದೆವು. ಅಲ್ಲಿಯ ಡಾಕ್ಟರು ನಡುವಯಸ್ಸಿನವರು. ಅವಳ ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು, ನನ್ನ ಕಿವಿಗೂ ಕೊಟ್ಟರು. ಅವಳು ಉಸಿರೆಳೆದುಕೊಂಡಾಗಲೆಲ್ಲ ಚಪ್ಪಲಿಯ ಅಂಟುಪಟ್ಟಿಯನ್ನು ಮೆಲ್ಲಗೆ ಕೀಳುವಂಥ ಸದ್ದು. ಉಸಿರಿನ ಪರೀಕ್ಷೆಯ ಕೋಣೆಯಲ್ಲಿ ಕೊಳವೆಯನ್ನು ತುಟಿಯಿಂದ ಬಿಗಿಯಾಗಿ ಹಿಡಿದು ಊದಬೇಕು. ಅವಳ ಬಾಯಿ ಅಷ್ಟು ತೆರೆಯಲಿಲ್ಲ, ಗಾಳಿ ಪಕ್ಕಕ್ಕೆ ಸೋರುತ್ತಿತ್ತು. "ಇನ್ನೊಂದ್ಸಲ ಅಮ್ಮ, ಊದಿ ಊದಿ ಊದಿ" ಎಂದು ಪರೀಕ್ಷೆ ಮಾಡುವ ಹುಡುಗಿ ಹುರಿದುಂಬಿಸುತ್ತಿದ್ದಳು. ಸ್ಕ್ಯಾನಿನ ಚಿತ್ರದಲ್ಲಿ ಎರಡೂ ಶ್ವಾಸಕೋಶದ ಕೆಳಭಾಗ ಬಲೆ ಹೆಣೆದಂತೆ ಬೆಳ್ಳಗಿತ್ತು.

"ಶ್ವಾಸಕೋಶ ನೋಡಿಸಿ ಅಂತ ಮೊದಲು ನೋಡಿದ ಡಾಕ್ಟರು ಹೇಳಿರಲಿಲ್ವಾ?" ಎಂದು ಕೇಳಿದರು.

ಇವಳು ನನ್ನ ಕಡೆ ನೋಡಿದಳು.

"ಇಲ್ಲ ಸಾರ್. ಯಾರೂ ಹೇಳಲಿಲ್ಲ" ಅಂದೆ.

"ಚರ್ಮ ಒಣಗದೆ ಅಂದಿದ್ರು ಸಾ" ಎಂದು ಇವಳೂ ಸೇರಿಸಿದಳು.

ಅವರು ತಲೆ ಅಲ್ಲಾಡಿಸಿದರು. ಮಂಡ್ಯದ ಆ ಹುಡುಗ ಡಾಕ್ಟರು ಬೆನ್ನ ಸದ್ದನ್ನು ಅಂದೇ ಹಿಡಿದಿದ್ದರು. ಅವರ ಹೆಸರಿಗೂ ಮಸಿ ಹಚ್ಚಿದೆ. ಮೊದಲ ತಪ್ಪಿಗೆ ಮಗಳ ಮದುವೆಯ ನೆಪವಾದರೂ ಇತ್ತು, ಈ ಎರಡನೆಯದಕ್ಕೆ ಅದೂ ಇಲ್ಲ.

ಔಷಧಿ ಶುರುವಾಯಿತು. ಮಾತ್ರೆಗೆ ಹೊಟ್ಟೆ ತೊಳೆಸುವುದು, ಆಗಾಗ ರಕ್ತ ಪರೀಕ್ಷೆ, ಆರು ತಿಂಗಳಿಗೊಮ್ಮೆ ಉಸಿರಿನ ಪರೀಕ್ಷೆ, ವರ್ಷಕ್ಕೊಮ್ಮೆ ಹೃದಯದ ಸ್ಕ್ಯಾನು. ಹೊಟ್ಟೆಯ ಹುಳಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಾರದೆಂದು ರಾತ್ರಿಯೂಟ ಮಲಗುವುದಕ್ಕೆ ಬಹಳ ಮುಂಚೆಯೇ ಮುಗಿಯಬೇಕು, ಮಂಚದ ತಲೆಯ ಕಡೆ ಎತ್ತರವಿರಬೇಕು. ಮುದ್ದೆ ಹೋಗಿ ಅಂಬಲಿ ಬಂತು. ಡೇರಿಯಲ್ಲಿ ಬೆಳೆದ ಬುದ್ಧಿಗೆ ಮಾಪಕದ ಮೇಲೆ ನಂಬಿಕೆ ಹೆಚ್ಚು. ಬೆರಳಿಗೆ ಸಿಕ್ಕಿಸಿ ಆಕ್ಸಿಜನ್ ನೋಡುವ ಸಣ್ಣ ಯಂತ್ರವೊಂದನ್ನು ತಂದೆ. ಅವಳ ತಣ್ಣಗಿನ ಬೆರಳಿನಲ್ಲಿ ಅದು ಒಮ್ಮೆ ಒಂದು ಅಂಕಿ ತೋರಿಸುತ್ತಿತ್ತು, ಒಮ್ಮೆ ಗೀಟು. ಡೂಪ್ಲಿಕೇಟ್ ಮಾಲು ಎಂದು ಬೈದೆ. "ಅದುಕ್ಕೂ ನನ್ ಬೆರಳು ಬ್ಯಾಡ್ವಂತೆ" ಅಂದಳು. ಇಂಥ ಕೈಯಲ್ಲಿ ಅದು ಸರಿಯಾಗಿ ಓದುವುದಿಲ್ಲ, ಕಿವಿಗೋ ಹಣೆಗೋ ಇಡುವಂಥದು ಬೇರೆಯೇ ಇದೆ ಎಂದು ಆಮೇಲೆ ಮೈಸೂರಿನಲ್ಲಿ ತಿಳಿಯಿತು.

ಅಲ್ಲಿ ಕಾಯುವ ಬೆಂಚಿನಲ್ಲಿ ನಿಡಘಟ್ಟದ ಕಡೆಯ ಒಬ್ಬ ಹೆಂಗಸು ಪರಿಚಯವಾದಳು. ಅದೇ ಕಾಯಿಲೆ, ಇವಳಿಗಿಂತ ಹಳೆಯದು. ಆದರೆ ಮಾತಿನ ನಡುವೆ ಉಸಿರಿಗೆ ನಿಲ್ಲುತ್ತಿರಲಿಲ್ಲ. ಕಳೆದ ಚಳಿಗಾಲದ ಒಂದು ದಿನ ಇವಳು ಕೇಳಿದಳು, "ನಿಂಗೆಂಗಕ್ಕ ಏನೂ ಆಗಿಲ್ಲ?"

"ಬೆರಳು ಬೆಳ್ಳಗಾದ ವರ್ಸ್ವೇ ನಮ್ಮೆಜಮಾನ್ರು ಎಳ್ಕಂಡ್ ಬಂದ್ರು ಕಣಮ್ಮ. ಗದ್ದೆ ಕೆಲ್ಸ ಬುಟ್ಟು ಇದೇನ್ ಊರೂರ್ ಸುತ್ಸ್ತೀಯ ಅಂತ ಬಯ್ದಿದ್ದೆ. ಎದೇಲಿ ಒಂಚೂರು ಇತ್ತಂತೆ, ಅಲ್ಲೇ ನಿಲ್ಸುದ್ರು."

"ಪುಣ್ಯವಂತೆ ನೀನು. ನಮ್ಗೆ ಆಗ ಯಾರೂ ಯೋಳ್ನಿಲ್ಲ ಕಣಕ್ಕ" ಅಂದಳು ನನ್ನ ಹೆಂಡತಿ.

ಅವಳ ದನಿಯಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ. ನಾನು ಎದ್ದು ಹೋಗಿ ನೀರಿನ ನಲ್ಲಿಯ ಹತ್ತಿರ ನಿಂತೆ.

ಮಾರನೆಯ ದಿನ ಮಧ್ಯಾಹ್ನ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಅವಳ ಬೆರಳಿಗೆ ಆಗದ ಕೆಲಸಗಳನ್ನೆಲ್ಲ ಆ ಹೊತ್ತಿಗೆ ನಾನು ಕಲಿತಿದ್ದೆ. ಅವಳು ಉಲ್ಲನ್ ಕೈಗವಸು ಹಾಕಿಕೊಂಡು ಪಕ್ಕದಲ್ಲಿ ಬಿಸಿಲು ಕಾಯಿಸುತ್ತಿದ್ದಳು. ತಲೆ ಎತ್ತದೆ ಹೇಳಿದೆ. ಮಂಡ್ಯದ ಡಾಕ್ಟರು ಎಲ್ಲವನ್ನೂ ಹೇಳಿದ್ದರು, ಶ್ವಾಸಕೋಶದ ಮಾತನ್ನೂ ಹೇಳಿದ್ದರು, ನಾನು ಮುಚ್ಚಿಟ್ಟೆ, ಮಳವಳ್ಳಿ ಸಂಬಂಧ ತಪ್ಪೀತೆಂದು ಮುಚ್ಚಿಟ್ಟೆ.

ಕೈಗವಸು ಬಿಚ್ಚಿ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ಕೇಳಿದಳು, "ಬೇವಿನೆಣ್ಣೆ?"

"ಅದು ನಾನೇ ಯೋಳಿದ್ದು."

"ವರ್ಸಾನ್‌ಗಟ್ಲೆ ಅಚ್ಕಂಡೆ. ಡಾಕ್ಟ್ರು ಯೋಳವ್ರೆ ಅಂತ ಊರ್‌ಗೆಲ್ಲ ಸಾರ್ಕಂಡ್ ಬಂದೆ."

ನಾನು ಅವರೆಕಾಯಿ ಸುಲಿಯುತ್ತಲೇ ಇದ್ದೆ.

"ಮಗಳ ಮದ್ವೆ ಆಗ್ಲಿ, ನಂದು ಆಮೇಲ್ ನೋಡವ ಅಂತ ನಾನೇ ಅಂತಿದ್ನೋ ಏನೋ" ಅಂದಳು. ಉಸಿರು ತೆಗೆದುಕೊಳ್ಳಲು ನಿಂತಳು. "ಅಂತಿದ್ನೋ, ಬುಡ್ತಿದ್ನೋ. ನನ್ ಕೇಳ್ಬೇಕಾಗಿತ್ತು. ಉಸ್ರು ನಂದಲ್ವಾ?"

"ತಪ್ಪಾಯ್ತು ಕಣಮ್ಮಿ."

"ತಪ್ಪಾಯ್ತು ಅಂದ್ಬುಟ್ರೆ ಎದೆ ಸಡ್ಲಾದದಾ? ಮಗಳ್ಗೂ ಓಗಿ ಯೋಳಿ. ಬೀಗ್ರ ಮುಂದೇನೇ ಯೋಳಿ. ಅವ್ಳ್ ಬೆರಳೂ ಒಂದಿನ ಬೆಳ್ಳಗಾದ್ರೆ ಇಂಗೇ ಮುಚ್ಚಿಟ್ಕಂಡ್ ಕೂತಾರು."

ಆ ಕಾಯಿಲೆ ತಾಯಿಯಿಂದ ಮಕ್ಕಳಿಗೆ ಬರುವುದು ಬಹಳ ಅಪರೂಪ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಆದರೂ ಅವಳು ಹೇಳಿದ್ದು ಸರಿಯೇ. ಅಂದು ಸಂಜೆ ಅವಳು ನನ್ನ ಕೈಯಿಂದ ಅಂಬಲಿಯ ಲೋಟ ತೆಗೆದುಕೊಳ್ಳಲಿಲ್ಲ. ತಾನೇ ಎದ್ದು, ಎರಡೂ ಅಂಗೈಯಲ್ಲಿ ಲೋಟ ಒತ್ತಿ ಹಿಡಿದು ಕುಡಿದಳು.

ಮದ್ದೂರಿನಲ್ಲಿ ಬಸ್ಸು ಬದಲಿಸಿ ಮಳವಳ್ಳಿಗೆ ಹೋದೆ. ಬೀಗರು ಮತ್ತು ಮಗಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದೆ. ಮಗಳು ಅಳಲಿಲ್ಲ. "ಮದ್ವೆಗೆ ಹೆಂಗೂ ಒಂದು ವರ್ಸ ಟೈಮಿತ್ತಲ್ಲಪ್ಪ. ನಂಗಾರ ಯೋಳಿದ್ರೆ ನಾನೇ ಅವ್ವನ್ನ ಕರ್ಕಂಡ್ ಓಗ್ತಿದ್ದೆ" ಎಂದು ಹೇಳಿ ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಬೀಗರು ಮೀಸೆ ಸವರಿಕೊಳ್ಳುತ್ತಾ ಕೂತಿದ್ದರು. "ಸುಳ್ಳ್ಯಾಕೆ ಬೀಗ್ರೆ" ಅಂದರು. "ಆಗ ಯೋಳಿದ್ರೆ ನಾವು ಬ್ಯಾಡ ಅಂತಿದ್ವೇನೋ. ನಮ್ಗೂ ಈ ಕಾಯ್ಲೆ ಗೀಯ್ಲೆ ಏನ್ ಗೊತ್ತು? ಈಗ ಆ ಮಾತ್ಯಾಕೆ. ಬೀಗ್ತೀನ ಒಂದ್ಸಲ ಕರ್ಕಂಡ್ ಬನ್ನಿ, ನೋಡಿ ಬಾಳ ದಿಸಾಯ್ತು."

ನನ್ನ ಅಂದಾಜು ತಪ್ಪಿರಲಿಲ್ಲ ಎಂದಾಯಿತು. ದಾರಿಯುದ್ದಕ್ಕೂ ಅದನ್ನು ಹಿಡಿದುಕೊಂಡು ಸಮಾಧಾನ ಪಟ್ಟುಕೊಳ್ಳಲು ನೋಡಿದೆ. ಆಗಲಿಲ್ಲ. ಸಂಬಂಧ ತಪ್ಪಿದ್ದರೆ ಇನ್ನೊಂದನ್ನು ಹುಡುಕಬಹುದಿತ್ತು.

ಇತ್ತೀಚೆಗೆ ಮತ್ತೆ ಉಸಿರಿನ ಪರೀಕ್ಷೆಗೆ ಹೋಗಿದ್ದೆವು. ಮಗಳೂ ಬಂದಿದ್ದಳು, ನನ್ನೊಂದಿಗೆ ಹೆಚ್ಚು ಮಾತಿಲ್ಲ. ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಬಾಗಿಲಿನಿಂದ ಇಣುಕಿ, "ಯಜಮಾನ್ರೇ, ಒಂದ್ನಿಮಿಷ" ಅಂದರು. ನಾನು ಏಳಲಿಲ್ಲ. "ಅವಳಿಗೇ ಹೇಳಿ ಸಾರ್" ಅಂದೆ. ಮಂಡ್ಯದ ಡಾಕ್ಟರು ಎಲ್ಲವನ್ನೂ ಹೇಳಿದ್ದರು, ಅಂದು ನಾನು ಸುಳ್ಳು ಹೇಳಿದೆ ಎಂದೂ ಅಲ್ಲೇ ಹೇಳಿದೆ. ಡಾಕ್ಟರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ನಮ್ಮನ್ನೆಲ್ಲ ಒಳಗೆ ಕರೆದು, ಅವಳ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು.

"ಅಮ್ಮ, ಉಸಿರಿನ ಶಕ್ತಿ ಹೋದ ಸಲ ಎಷ್ಟಿತ್ತೋ ಅಷ್ಟೇ ಇದೆ. ಕಡಿಮೆಯಾಗಿಲ್ಲ. ಔಷಧಿ ತಡೆ ಹಿಡಿದಿದೆ. ಮುಂದೆಯೂ ಹೀಗೇ ನಿಲ್ಲಬಹುದು, ನಿಲ್ಲದೆಯೂ ಇರಬಹುದು. ಹೃದಯಕ್ಕೆ ಒತ್ತಡ ಬೀಳುತ್ತಾ ನೋಡ್ತಾ ಇರಬೇಕು. ನಡೆದಾಗ ಆಕ್ಸಿಜನ್ ಇಳಿಯೋದು ಹೆಚ್ಚಾದರೆ ಮನೇಲೂ ಆಕ್ಸಿಜನ್ ಇಟ್ಟುಕೊಳ್ಳಬೇಕಾಗುತ್ತೆ."

ಇವಳು ಎಲ್ಲವನ್ನೂ ಕೇಳಿಸಿಕೊಂಡಳು. ಇಷ್ಟು ವರ್ಷ ಹೆಂಗಸು ಎದೆಗುಂದುತ್ತಾಳೆ ಅಂದುಕೊಂಡವರು ನಾವು. ಅವಳು ಎದೆಗುಂದಲಿಲ್ಲ.

"ಒಂದ್ ಮಾತು ಕೇಳ್ಲಾ ಸಾ? ಮಗಳ ಮನೆ ಮಾಳ್ಗೆ ಮ್ಯಾಲದೆ. ಅತ್ಬೋದಾ?"

"ಹತ್ತಿ ಅಮ್ಮ. ಆತುರ ಬೇಡ. ಸುಸ್ತಾದರೆ ಕೂತು, ಉಸಿರು ಸರಿಯಾದ ಮೇಲೆ ಹತ್ತಿ."

ಹೋದ ವಾರ ಮಳವಳ್ಳಿಗೆ ಹೋಗಿದ್ದೆವು. ಮೆಟ್ಟಿಲ ಬುಡದಲ್ಲಿ ನಾನು ತೋಳು ಹಿಡಿಯಲು ಹೋದೆ. "ಬುಡಿ, ನಾನೇ ಅತ್ತೀನಿ" ಅಂದಳು. ಮುಂಚೆ ಕೂತಿದ್ದ ನಡುವಿನ ಮೆಟ್ಟಿಲಲ್ಲೇ ಈ ಸಲವೂ ಕೂತಳು. ಮೇಲೆ ಮಗಳು ಬಾಗಿಲು ತೆರೆದು ನಿಂತಿದ್ದಳು, ಅವಸರ ಮಾಡಲಿಲ್ಲ. ನಾನು ಕೆಳಗಿನ ಮೆಟ್ಟಿಲಲ್ಲಿ ನಿಂತು ಅವಳ ಬೆನ್ನು ಏರಿಳಿಯುವುದನ್ನು ನೋಡುತ್ತಿದ್ದೆ. ಬಹಳ ಹೊತ್ತಾದ ಮೇಲೆ ಅವಳು ತಿರುಗಿ ನೋಡದೆ, ಸೆರಗಿನೊಳಗಿಂದ ಒಂದು ಕೈ ಹೊರಗೆ ಚಾಚಿದಳು.

"ಎತ್ತಿ" ಅಂದಳು.

ಆ ಕೈ ತಣ್ಣಗಿತ್ತು. ಹಿಡಿದುಕೊಂಡೆ. ಉಳಿದ ಮೆಟ್ಟಿಲುಗಳನ್ನು ಹತ್ತಿದೆವು.